ಬೆಳಿಗ್ಗೆ ಗಣಕಯಂತ್ರಕ್ಕೆ ಜಾಲವಿಳಾಸ ದೊರೆಯದಿದ್ದಾಗ: ಲಿನಕ್ಸ್ ಬಳಸುವ ಗ್ರಾಮ ಪಂಚಾಯತ್ ಕಚೇರಿಗಳಿಗೆ ಪರಿಶೀಲನಾ ಕ್ರಮ

‘ನೆಟ್‌ವರ್ಕ್ ಇಲ್ಲ, ನಾಳೆ ಬನ್ನಿ’ ಎಂಬ ಉತ್ತರ ಗ್ರಾಮ ಪಂಚಾಯತ್ ಕಚೇರಿಯಲ್ಲಿ ಕೇಳಿಬಂದಾಗ ಅದರ ನಷ್ಟವನ್ನು ಭರಿಸುವವರು ಕಚೇರಿಯವರಲ್ಲ. ಗಂಗಾವತಿ ಭಾಗದಲ್ಲಿ ಕಾಲುವೆಗೆ ನೀರು ಬಿಟ್ಟು ಭತ್ತದ ನಾಟಿ ನಡೆಯುವ ದಿನಗಳಲ್ಲಿ ಒಂದು ದಾಖಲೆಗಾಗಿ ಕಚೇರಿಗೆ ಬಂದ ಕೂಲಿಕಾರರು ಆ ದಿನದ ಕೂಲಿಯನ್ನು ಬಿಟ್ಟೇ ಬಂದಿರುತ್ತಾರೆ. ‘ನಾಳೆ’ ಎಂದರೆ ಅವರಿಗೆ ಇನ್ನೊಂದು ದಿನದ ಕೂಲಿ. ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ಪ್ರಕಾರವೂ ನಿಗದಿತ ಅವಧಿ ಮೀರಿದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಕೊಡಬೇಕಾಗುತ್ತದೆ. ಗಣಕಯಂತ್ರ ಜಾಲಕ್ಕೆ ಸೇರಲಿಲ್ಲ ಎಂಬ ಕಾರಣಕ್ಕೆ ಆ ಅವಧಿ ನಿಲ್ಲುವುದಿಲ್ಲ.

‘ನೆಟ್‌ವರ್ಕ್ ಇಲ್ಲ’ ಎಂಬ ಒಂದೇ ಮಾತಿನಲ್ಲಿ ಎರಡು ಬೇರೆ ಬೇರೆ ದೋಷಗಳು ಅಡಗಿವೆ. ಒಂದು, ಗಣಕಯಂತ್ರಕ್ಕೆ ಜಾಲವಿಳಾಸವೇ ದೊರೆಯದಿರುವುದು. ಇನ್ನೊಂದು, ವಿಳಾಸ ದೊರೆತರೂ ಹೊರಗಿನ ಅಂತರ್ಜಾಲ ತಲುಪದಿರುವುದು. ಮೊದಲನೆಯದು ಬಹುತೇಕ ಕಚೇರಿಯ ಗೋಡೆಯೊಳಗಿನ ದೋಷ, ಅದನ್ನು ಸಿಬ್ಬಂದಿಯೇ ಅರ್ಧ ಗಂಟೆಯೊಳಗೆ ಸರಿಪಡಿಸಬಹುದು. ಎರಡನೆಯದಕ್ಕೆ ಹೊರಗಿನವರ ನೆರವು ಬೇಕಾಗಬಹುದು. ಇವೆರಡನ್ನು ಬೇರ್ಪಡಿಸದೆ ದೂರು ಕೊಟ್ಟರೆ, ಕೇಬಲ್ ಸಡಿಲವಾದುದಕ್ಕೂ ತಂತ್ರಜ್ಞರ ದಾರಿ ಕಾಯಬೇಕಾಗುತ್ತದೆ. ಇವೆರಡನ್ನು ಗುರುತಿಸುವ ವಿಧಾನವನ್ನು, ಲಿನಕ್ಸ್ ಗಣಕಯಂತ್ರ ಆರಂಭವಾಗುವ ಹೊತ್ತಿಗೆ ಸಂಬಂಧಿಸಿದಂತೆ, ಇಲ್ಲಿ ವಿವರಿಸಲಾಗಿದೆ.

ವಿಂಡೋಸ್ 10ಕ್ಕೆ ನೀಡಲಾಗುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿದೆ. ವಿಂಡೋಸ್ 11 ಒಪ್ಪದ ಹಳೆಯ ಯಂತ್ರಗಳನ್ನು ಮೂಲೆಗೆ ಹಾಕುವ ಬದಲು ಉಬುಂಟು, ಲಿನಕ್ಸ್ ಮಿಂಟ್ ಅಥವಾ ಸಿ-ಡ್ಯಾಕ್ ಸಂಸ್ಥೆ ಸಿದ್ಧಪಡಿಸಿದ ಬಾಸ್ ಲಿನಕ್ಸ್ ಹಾಕಿ ಅರಿವು ಕೇಂದ್ರಗಳಲ್ಲಿಯೂ ಬ್ರೌಸರ್ ಮೂಲಕ ನಡೆಯುವ ಕೆಲಸಗಳಿಗೂ ಬಳಸಬಹುದು. ಇವುಗಳ ತೆರೆಯ ನೋಟ ಬೇರೆ ಬೇರೆಯಾದರೂ ಜಾಲವಿಳಾಸ ಪಡೆಯುವ ಕ್ರಮ ಒಂದೇ.

1. ವಿಳಾಸ ದೊರೆಯುವ ಬಗೆ

ಜಾಲದಲ್ಲಿರುವ ಪ್ರತಿಯೊಂದು ಯಂತ್ರಕ್ಕೂ 192.168.1.25 ಎಂಬಂತಹ ಒಂದು ಸಂಖ್ಯಾ ವಿಳಾಸ ಇರಲೇಬೇಕು. ಅದನ್ನು ಕೈಯಿಂದ ತುಂಬುವ ಬದಲು ತಾನಾಗಿ ಹಂಚುವ ವ್ಯವಸ್ಥೆಗೆ ಡಿಎಚ್‌ಸಿಪಿ ಎಂದು ಹೆಸರು. ಇದರ ನಿಯಮಗಳು 1993ರಲ್ಲಿ ಮೊದಲು ಪ್ರಕಟವಾದವು. ಈಗ ಬಳಕೆಯಲ್ಲಿರುವ ರೂಪ 1997ರದು.

ನಮ್ಮ ವಾರದ ಸಂತೆಯನ್ನು ನೆನೆದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಹೊರಊರಿನ ವ್ಯಾಪಾರಿ ಸಂತೆಗೆ ಬಂದು, ಜಾಗ ಕೊಡುವವರು ಯಾರೆಂದು ತಿಳಿಯದೆ, ಎಲ್ಲರಿಗೂ ಕೇಳುವಂತೆ ‘ಜಾಗ ಇದೆಯೇ’ ಎಂದು ಕೂಗುತ್ತಾನೆ. ಕರವಸೂಲಿಗಾರರು ‘ಇಂತಹ ಕಟ್ಟೆ ಖಾಲಿ ಇದೆ’ ಎನ್ನುತ್ತಾರೆ. ವ್ಯಾಪಾರಿ ‘ಅದನ್ನೇ ಕೊಡಿ’ ಎನ್ನುತ್ತಾನೆ. ಕರವಸೂಲಿಗಾರರು ಚೀಟಿ ಹರಿದು, ಎಷ್ಟು ಹೊತ್ತಿನವರೆಗೆ ಎಂದು ಬರೆದು ಕೊಡುತ್ತಾರೆ. ಗಣಕಯಂತ್ರವೂ ಇದೇ ನಾಲ್ಕು ಹೆಜ್ಜೆಗಳಲ್ಲಿ ವಿಳಾಸ ಪಡೆಯುತ್ತದೆ: ಹುಡುಕಾಟ, ಕೊಡುಗೆ, ಕೋರಿಕೆ, ಒಪ್ಪಿಗೆ. ಆ ಕ್ಷಣಕ್ಕೆ ತನಗೆ ವಿಳಾಸವಿಲ್ಲದ ಕಾರಣ ಯಂತ್ರವು 0.0.0.0 ಎಂಬ ಶೂನ್ಯ ವಿಳಾಸದಿಂದ, 255.255.255.255 ಎಂಬ ‘ಎಲ್ಲರಿಗೂ’ ಎಂದು ಅರ್ಥವಿರುವ ವಿಳಾಸಕ್ಕೆ ತನ್ನ ಕೂಗನ್ನು ಕಳುಹಿಸುತ್ತದೆ.

ಕರವಸೂಲಿಗಾರರ ಸ್ಥಾನದಲ್ಲಿರುವುದು ಕಚೇರಿಯ ರೌಟರ್. ಭಾರತ್‌ನೆಟ್ ಯೋಜನೆಗೆ ಕೇಂದ್ರ ಸಚಿವ ಸಂಪುಟ 2011ರ ಅಕ್ಟೋಬರ್‌ನಲ್ಲಿ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲ ಎಂಬ ಹೆಸರಿನಲ್ಲಿ ಒಪ್ಪಿಗೆ ನೀಡಿತು. ಆ ಯೋಜನೆಯಡಿ ಗ್ರಾಮ ಪಂಚಾಯತ್‌ಗಳಲ್ಲಿ ಫೈಬರ್ ತಂತಿ ಬಂದು ಸೇರುವ ಓಎನ್‌ಟಿ ಪೆಟ್ಟಿಗೆಯನ್ನು ಅಳವಡಿಸಲಾಗುತ್ತದೆ. ಕೆಲವೆಡೆ ಆ ಪೆಟ್ಟಿಗೆಯೇ ವಿಳಾಸ ಹಂಚುತ್ತದೆ, ಕೆಲವೆಡೆ ಅದಕ್ಕೆ ಜೋಡಿಸಿದ ಪ್ರತ್ಯೇಕ ವೈಫೈ ರೌಟರ್ ಹಂಚುತ್ತದೆ. ತಮ್ಮ ಕಚೇರಿಯಲ್ಲಿ ಹಂಚುವುದು ಯಾವುದು ಎಂಬುದನ್ನು ಸಿಬ್ಬಂದಿ ಮೊದಲೇ ತಿಳಿದಿರಬೇಕು.

ಇಲ್ಲಿ ಮುಖ್ಯವಾದ ಸಂಗತಿಯೊಂದಿದೆ. ರಸ್ತೆ ಅಗೆಯುವಾಗ ಫೈಬರ್ ತುಂಡಾದರೂ ಕಚೇರಿಯೊಳಗಿನ ರೌಟರ್ ವಿಳಾಸ ಹಂಚುವುದನ್ನು ನಿಲ್ಲಿಸುವುದಿಲ್ಲ. ಊರಿನ ಹೆದ್ದಾರಿ ಬಂದಾದರೂ ಸಂತೆಯೊಳಗೆ ಕಟ್ಟೆ ಹಂಚುವ ಕೆಲಸ ನಡೆದೇ ಇರುತ್ತದೆ. ಆದ್ದರಿಂದ ಗಣಕಯಂತ್ರಕ್ಕೆ ವಿಳಾಸವೇ ಬಂದಿಲ್ಲವೆಂದರೆ, ಹೊರಗಿನ ಫೈಬರ್ ಅನ್ನು ದೂರುವ ಮೊದಲು ಕಚೇರಿಯೊಳಗೆ ನೋಡಬೇಕು. ವಿಳಾಸವನ್ನು ಕಚೇರಿಯ ಪೆಟ್ಟಿಗೆಯ ಬದಲು ಸೇವಾದಾರರ ಕೇಂದ್ರವೇ ನೇರವಾಗಿ ಹಂಚುವ ಅಪರೂಪದ ಜೋಡಣೆಗೆ ಮಾತ್ರ ಈ ಮಾತು ಅನ್ವಯಿಸುವುದಿಲ್ಲ.

2. ಆರಂಭದ ಹೊತ್ತಿನಲ್ಲಿಯೇ ತೊಂದರೆ ಏಕೆ

ದಿನವಿಡೀ ಸರಿಯಾಗಿದ್ದ ಯಂತ್ರ ಬೆಳಿಗ್ಗೆ ಮಾತ್ರ, ಅಥವಾ ವಿದ್ಯುತ್ ಹೋಗಿ ಬಂದ ನಂತರ ಮಾತ್ರ ಜಾಲಕ್ಕೆ ಸೇರುವುದಿಲ್ಲವಾದರೆ, ಮೊದಲು ಸಂಶಯಿಸಬೇಕಾದುದು ಎಚ್ಚರಗೊಳ್ಳುವ ಸರದಿಯನ್ನು. ವಿದ್ಯುತ್ ಬಂದೊಡನೆ ಗಣಕಯಂತ್ರ, ಸ್ವಿಚ್, ರೌಟರ್, ಓಎನ್‌ಟಿ ಎಲ್ಲವೂ ಒಟ್ಟಿಗೆ ಚಾಲೂ ಆಗುತ್ತವೆ. ಎಸ್‌ಎಸ್‌ಡಿ ಇರುವ ಯಂತ್ರ ಅರ್ಧ ನಿಮಿಷದಲ್ಲಿ ಸಿದ್ಧವಾಗಿ ವಿಳಾಸ ಕೇಳಲಾರಂಭಿಸುತ್ತದೆ. ರೌಟರ್ ಮತ್ತು ಓಎನ್‌ಟಿ ಸಿದ್ಧವಾಗಲು ಕೆಲವು ನಿಮಿಷಗಳೇ ಬೇಕಾಗಬಹುದು. ಕರವಸೂಲಿಗಾರರು ಬರುವ ಮೊದಲೇ ಸಂತೆಗೆ ಬಂದ ವ್ಯಾಪಾರಿಯಂತೆ ಯಂತ್ರ ಕೂಗುತ್ತದೆ, ಓಗೊಡುವವರು ಯಾರೂ ಇರುವುದಿಲ್ಲ.

ಉಬುಂಟು, ಮಿಂಟ್ ಮುಂತಾದವುಗಳಲ್ಲಿ ಜಾಲದ ಮೇಲ್ವಿಚಾರಣೆ ಮಾಡುವ ತಂತ್ರಾಂಶದ ಹೆಸರು ನೆಟ್‌ವರ್ಕ್ ಮ್ಯಾನೇಜರ್. ಅದು ಸಾಮಾನ್ಯವಾಗಿ ಒಂದು ಪ್ರಯತ್ನಕ್ಕೆ 45 ಸೆಕೆಂಡು ಕಾಯುತ್ತದೆ. ಹೀಗೆ ನಾಲ್ಕು ಬಾರಿ ಪ್ರಯತ್ನಿಸಿ, ಉತ್ತರ ಬಾರದಿದ್ದರೆ ಕೆಲಕಾಲ ಸುಮ್ಮನಾಗುತ್ತದೆ. ಅಷ್ಟರಲ್ಲಿ ರೌಟರ್ ಸಿದ್ಧವಾಗಿದ್ದರೂ ತೆರೆಯ ಮೇಲೆ ಸಂಪರ್ಕವಿಲ್ಲವೆಂದೇ ಕಾಣುತ್ತಿರುತ್ತದೆ. ಯಂತ್ರದಲ್ಲಿಯೂ ತಂತಿಯಲ್ಲಿಯೂ ಯಾವ ದೋಷವೂ ಇಲ್ಲದೆ ‘ನೆಟ್‌ವರ್ಕ್ ಇಲ್ಲ’ ಎಂಬ ಸ್ಥಿತಿ ಉಂಟಾಗುವುದು ಹೀಗೆ.

ಇನ್ನು ಕೆಲವು ಲಿನಕ್ಸ್ ಆವೃತ್ತಿಗಳು, ವಿಶೇಷವಾಗಿ ಸರ್ವರ್ ಮಾದರಿಯವು, ಜಾಲ ಸಿದ್ಧವಾಗುವವರೆಗೆ ಆರಂಭವನ್ನೇ ತಡೆದು ನಿಲ್ಲಿಸುತ್ತವೆ. ತೆರೆಯ ಮೇಲೆ ಜಾಲಕ್ಕಾಗಿ ಕಾಯಲಾಗುತ್ತಿದೆ ಎಂಬ ಸಾಲು ಕಾಣಿಸಿಕೊಂಡು ಸೆಕೆಂಡುಗಳು ಏರುತ್ತಿರುತ್ತವೆ. ಇದು ಸಾಮಾನ್ಯವಾಗಿ ಎರಡು ನಿಮಿಷ, ಕೆಲವು ಹಳೆಯ ಆವೃತ್ತಿಗಳಲ್ಲಿ ಐದು ನಿಮಿಷ. ಯಂತ್ರ ಕೆಟ್ಟಿದೆಯೆಂದು ಭಾವಿಸಿ ಆ ಹೊತ್ತಿನಲ್ಲಿ ಪವರ್ ಗುಂಡಿ ಒತ್ತಿಹಿಡಿದು ಆರಿಸಬಾರದು. ಅದರಿಂದ ಕಡತಗಳು ಹಾಳಾಗುವ ಸಂಭವವಿದೆ. ಅವಧಿ ಮುಗಿದ ಮೇಲೆ ಯಂತ್ರ ತಾನಾಗಿ ಮುಂದುವರಿಯುತ್ತದೆ.

3. ಪರಿಶೀಲನೆಯ ಕ್ರಮ

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಅನುಸರಿಸುವುದು. ಆಜ್ಞೆಗಳನ್ನು ಇಲ್ಲಿ ಉಚ್ಚಾರಣೆಯಂತೆ ಕನ್ನಡ ಲಿಪಿಯಲ್ಲಿ ಬರೆಯಲಾಗಿದೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ಪದಗಳ ನಡುವೆ ಒಂದೊಂದು ಜಾಗ ಬಿಟ್ಟು ಟೈಪ್ ಮಾಡಬೇಕು.

ಹಂತ ಒಂದು: ಪಕ್ಕದ ಯಂತ್ರವನ್ನು ನೋಡುವುದು. ಕಚೇರಿಯ ಯಾವ ಯಂತ್ರಕ್ಕೂ ಜಾಲವಿಲ್ಲವಾದರೆ ಹಂಚುವ ರೌಟರ್ ಅಥವಾ ಸ್ವಿಚ್‌ನಲ್ಲಿ ದೋಷವಿದೆ. ಒಂದೇ ಯಂತ್ರಕ್ಕೆ ಇಲ್ಲವಾದರೆ ಆ ಯಂತ್ರದಲ್ಲಿ ಅಥವಾ ಅದರ ಕೇಬಲ್‌ನಲ್ಲಿ ದೋಷವಿದೆ. ಈ ಒಂದು ನೋಟದಿಂದ ಅರ್ಧ ಕೆಲಸ ಮುಗಿಯುತ್ತದೆ.

ಹಂತ ಎರಡು: ದೀಪಗಳನ್ನು ನೋಡುವುದು. ಗಣಕಯಂತ್ರದ ಹಿಂಬದಿಯಲ್ಲಿ ಕೇಬಲ್ ಸೇರುವ ಜಾಗದಲ್ಲಿಯೂ ಸ್ವಿಚ್‌ನ ಅದೇ ಕೇಬಲ್‌ನ ಜಾಗದಲ್ಲಿಯೂ ಸಾಮಾನ್ಯವಾಗಿ ಚಿಕ್ಕ ದೀಪ ಉರಿಯುತ್ತಿರುತ್ತದೆ. ಉರಿಯದಿದ್ದರೆ ಕೇಬಲ್ ಅನ್ನು ಎರಡೂ ತುದಿಗಳಲ್ಲಿ ತೆಗೆದು ‘ಟಕ್’ ಎಂಬ ಶಬ್ದ ಬರುವಂತೆ ಮತ್ತೆ ಸೇರಿಸುವುದು. ತುದಿಯ ಪ್ಲಾಸ್ಟಿಕ್ ಕೊಂಡಿ ಮುರಿದಿದ್ದರೆ, ಅಥವಾ ಕೇಬಲ್ ಅನ್ನು ಇಲಿ ಕಡಿದಿದ್ದರೆ, ಕೇಬಲ್ ಬದಲಿಸುವುದು. ಸ್ವಿಚ್‌ನ ಒಂದು ಜಾಗ ಕೆಟ್ಟಿರಬಹುದಾದ್ದರಿಂದ ಇನ್ನೊಂದಕ್ಕೆ ಚುಚ್ಚಿ ನೋಡುವುದು.

ಹಂತ ಮೂರು: ಯಂತ್ರವನ್ನೇ ಕೇಳುವುದು. ಟರ್ಮಿನಲ್ ತೆರೆದು ‘ಐಪಿ ಅಡ್ರೆಸ್’ ಎಂಬ ಎರಡು ಪದಗಳ ಆಜ್ಞೆ ಕೊಡುವುದು. ಪಟ್ಟಿಯಲ್ಲಿ ಮೊದಲು ಬರುವ ‘ಎಲ್‌ಒ’ ಎಂಬುದು ಯಂತ್ರದ ಒಳಗಿನ ವಿಳಾಸ, ಅದನ್ನು ಬಿಟ್ಟುಬಿಡಬೇಕು. ‘ಇಎನ್’ ಅಥವಾ ‘ಇಟಿಎಚ್’ ಎಂದು ಆರಂಭವಾಗುವುದು ತಂತಿಯ ಜಾಲ, ‘ಡಬ್ಲ್ಯುಎಲ್’ ಎಂದು ಆರಂಭವಾಗುವುದು ವೈಫೈ. ಅಲ್ಲಿ ಈ ನಾಲ್ಕರಲ್ಲಿ ಒಂದು ಸ್ಥಿತಿ ಕಾಣುತ್ತದೆ.

(ಅ) ‘ನೋ-ಕ್ಯಾರಿಯರ್’ ಎಂದಿದ್ದರೆ ಯಂತ್ರಕ್ಕೆ ತಂತಿಯ ಇನ್ನೊಂದು ತುದಿಯೇ ಕಾಣುತ್ತಿಲ್ಲ. ವಿಳಾಸದ ಪ್ರಶ್ನೆ ಇನ್ನೂ ಬಂದೇ ಇಲ್ಲ. ಹಂತ ಎರಡಕ್ಕೆ ಹಿಂತಿರುಗಬೇಕು.

(ಆ) ತಂತಿ ಸರಿಯಿದ್ದು ‘ಐನೆಟ್’ ಎಂಬ ಸಾಲೇ ಇಲ್ಲದಿದ್ದರೆ, ಅಥವಾ ಆ ಸಾಲಿನಲ್ಲಿ 169.254 ಎಂದು ಆರಂಭವಾಗುವ ವಿಳಾಸವಿದ್ದರೆ, ಯಂತ್ರ ಕೂಗಿದೆ, ಉತ್ತರ ಬಂದಿಲ್ಲ. 169.254ರ ಸಾಲು, ಕೊಡುವವರಿಲ್ಲದಾಗ ಕೆಲವು ವ್ಯವಸ್ಥೆಗಳು ತಾವೇ ಇಟ್ಟುಕೊಳ್ಳುವ ತಾತ್ಕಾಲಿಕ ವಿಳಾಸ. ಅದರಿಂದ ಅಂತರ್ಜಾಲ ತಲುಪಲಾಗದು.

(ಇ) ವಿಳಾಸವಿದ್ದು, ಅದು ಕಚೇರಿಯ ಇತರ ಯಂತ್ರಗಳ ಸರಣಿಗಿಂತ ಬೇರೆಯಾಗಿದ್ದರೆ, ಉದಾಹರಣೆಗೆ ಉಳಿದವು 192.168.1 ಎಂದು ಆರಂಭವಾಗಿ ಇದು ಮಾತ್ರ 192.168.0 ಎಂದಿದ್ದರೆ, ಕಚೇರಿಯಲ್ಲಿ ಹಂಚುವವರು ಇಬ್ಬರಿದ್ದಾರೆ. ವೈಫೈ ವ್ಯಾಪ್ತಿ ಹೆಚ್ಚಿಸಲೆಂದು ಯಾರೋ ತಂದು ಚುಚ್ಚಿದ ಎರಡನೆಯ ರೌಟರ್ ಇದಕ್ಕೆ ಸಾಮಾನ್ಯ ಕಾರಣ. ಯಾರ ಉತ್ತರ ಮೊದಲು ಬರುತ್ತದೆಯೋ ಅದನ್ನೇ ಯಂತ್ರ ಸಾಮಾನ್ಯವಾಗಿ ಒಪ್ಪುವುದರಿಂದ ಈ ದೋಷ ಒಂದು ದಿನ ಕಾಣುತ್ತದೆ, ಮರುದಿನ ಮಾಯವಾಗುತ್ತದೆ. ಎರಡನೆಯ ರೌಟರ್‌ನಲ್ಲಿ ಡಿಎಚ್‌ಸಿಪಿಯನ್ನು ಆಫ್ ಮಾಡಿಸಬೇಕು.

(ಈ) ವಿಳಾಸ ಸರಿಯಾದ ಸರಣಿಯಲ್ಲಿದ್ದೂ ಜಾಲತಾಣ ತೆರೆಯದಿದ್ದರೆ ವಿಳಾಸ ಹಂಚಿಕೆಯ ದೋಷವಲ್ಲ. ಮೊದಲು ಗಡಿಯಾರ ನೋಡುವುದು. ಮದರ್‌ಬೋರ್ಡಿನ ಗುಂಡಿ ಬ್ಯಾಟರಿ ಮುಗಿದ ಯಂತ್ರದಲ್ಲಿ ದಿನಾಂಕ ಹಿಂದಕ್ಕೆ ಹೋಗಿರುತ್ತದೆ, ಸುರಕ್ಷಿತ ಜಾಲತಾಣಗಳ ಪ್ರಮಾಣಪತ್ರವನ್ನು ಬ್ರೌಸರ್ ತಿರಸ್ಕರಿಸುತ್ತದೆ. ದಿನಾಂಕ ಸರಿಯಿದ್ದರೆ ಓಎನ್‌ಟಿಯ ಮೇಲೆ ‘ಲಾಸ್’ ಎಂಬ ಕೆಂಪು ದೀಪ ಉರಿಯುತ್ತಿದೆಯೇ ಎಂದು ನೋಡುವುದು. ಉರಿಯುತ್ತಿದ್ದರೆ ಫೈಬರ್‌ನಲ್ಲಿ ಬೆಳಕು ಬರುತ್ತಿಲ್ಲವೆಂದು ಅರ್ಥ. ಆಗ ಹೊರಗಿನ ತಂತ್ರಜ್ಞರನ್ನು ಕರೆಯುವುದು ಸರಿಯಾದ ಕ್ರಮ.

ಹಂತ ನಾಲ್ಕು: ಮತ್ತೊಮ್ಮೆ ಕೇಳಿಸುವುದು. ಸ್ಥಿತಿ (ಆ) ಕಂಡುಬಂದು, ರೌಟರ್‌ನ ದೀಪಗಳು ಈಗ ಸ್ಥಿರವಾಗಿದ್ದರೆ, ಯಂತ್ರವನ್ನು ಆರಿಸಿ ಹಚ್ಚುವ ಅಗತ್ಯವಿಲ್ಲ. ‘ಎನ್‌ಎಂಸಿಎಲ್‌ಐ ನೆಟ್‌ವರ್ಕಿಂಗ್ ಆಫ್’ ಎಂದು ಆಜ್ಞೆ ಕೊಟ್ಟು, ಹತ್ತು ಸೆಕೆಂಡು ಬಿಟ್ಟು, ‘ಎನ್‌ಎಂಸಿಎಲ್‌ಐ ನೆಟ್‌ವರ್ಕಿಂಗ್ ಆನ್’ ಎಂದು ಕೊಡಬೇಕು. ತೆರೆಯ ಮೂಲೆಯ ಜಾಲದ ಚಿಹ್ನೆಯಿಂದ ಸಂಪರ್ಕವನ್ನು ಆಫ್ ಮಾಡಿ ಆನ್ ಮಾಡಿದರೂ ಇದೇ ಫಲ. ಈಗ ವಿಳಾಸ ಬಂದರೆ ದೋಷ ಎಚ್ಚರಗೊಳ್ಳುವ ಸರದಿಯದೇ ಎಂದು ಖಚಿತವಾಯಿತು.

ಹಂತ ಐದು: ದಿನಚರಿ ಓದುವುದು. ಇನ್ನೂ ವಿಳಾಸ ಬಾರದಿದ್ದರೆ ‘ಜರ್ನಲ್‌ಸಿಟಿಎಲ್ -ಬಿ -ಜಿ ಡಿಎಚ್‌ಸಿಪಿ’ ಎಂಬ ಆಜ್ಞೆ ಕೊಡಬೇಕು. ಯಂತ್ರ ಈ ಬಾರಿ ಆರಂಭವಾದಾಗಿನಿಂದ ವಿಳಾಸಕ್ಕಾಗಿ ನಡೆಸಿದ ಪ್ರಯತ್ನಗಳು ಸಮಯಸಹಿತ ಕಾಣುತ್ತವೆ. ಅವಧಿ ಮೀರಿತು ಎಂಬ ಅರ್ಥದ ‘ಟೈಮ್‌ಔಟ್’ ಮಾತ್ರ ಇದ್ದರೆ ಉತ್ತರವೇ ಬಂದಿಲ್ಲ. ಪ್ರಯತ್ನದ ಒಂದು ಸಾಲೂ ಇಲ್ಲದಿದ್ದರೆ ಯಂತ್ರ ಕೇಳಿಯೇ ಇಲ್ಲ, ಅಂದರೆ ದೋಷ ಯಂತ್ರದೊಳಗಿನ ಹೊಂದಿಕೆಯಲ್ಲಿದೆ.

4. ಒಂದೇ ಯಂತ್ರದಲ್ಲಿ ದೋಷವಿದ್ದರೆ

ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಪುಟದಲ್ಲಿ ತಂತಿಯ ಸಂಪರ್ಕದ ಹಲ್ಲುಚಕ್ರದ ಚಿಹ್ನೆ ಒತ್ತಿ ಎರಡು ಅಂಶ ನೋಡಬೇಕು. ‘ತಾನಾಗಿ ಸಂಪರ್ಕಿಸು’ ಎಂಬ ಅರ್ಥದ ಗುರುತು ಇರಬೇಕು. ಐಪಿವಿ4 ಎಂಬಲ್ಲಿ ‘ಆಟೋಮ್ಯಾಟಿಕ್’ ಆಯ್ಕೆಯಾಗಿರಬೇಕು. ಹಿಂದೆ ಯಾರಾದರೂ ಅಲ್ಲಿ ‘ಮ್ಯಾನ್ಯುಯಲ್’ ಇಟ್ಟು ಸಂಖ್ಯೆ ತುಂಬಿದ್ದರೆ ಯಂತ್ರ ವಿಳಾಸವನ್ನು ಕೇಳುವುದೇ ಇಲ್ಲ.

ನೆಟ್‌ವರ್ಕ್ ಕಾರ್ಡ್ ಅಥವಾ ಮದರ್‌ಬೋರ್ಡ್ ಬದಲಿಸಿದ ಯಂತ್ರಗಳಲ್ಲಿ ಕಾರ್ಡಿನ ಹೆಸರು ಬದಲಾಗಿರುತ್ತದೆ. ಇಂದಿನ ಲಿನಕ್ಸ್ ಆವೃತ್ತಿಗಳು ಕಾರ್ಡ್ ಕುಳಿತಿರುವ ಸ್ಥಾನವನ್ನು ಆಧರಿಸಿ ಹೆಸರಿಡುತ್ತವೆ. ಹಳೆಯ ಹೆಸರಿಗೆ ಬರೆದಿಟ್ಟ ಹೊಂದಿಕೆ ಹೊಸ ಹೆಸರಿಗೆ ಅನ್ವಯಿಸುವುದಿಲ್ಲ. ಹಳೆಯ ಸಂಪರ್ಕವನ್ನು ಅಳಿಸಿ ಹೊಸದೊಂದನ್ನು ರಚಿಸುವುದೇ ಪರಿಹಾರ.

ವೈಫೈ ಬಳಸುವ ಯಂತ್ರದಲ್ಲಿ ಲಾಗಿನ್ ಆದ ಮೇಲಷ್ಟೇ ಸಂಪರ್ಕ ಬರುತ್ತಿದ್ದರೆ, ವೈಫೈ ಗುಪ್ತಪದ ಒಬ್ಬ ಬಳಕೆದಾರರ ಹೆಸರಿನಲ್ಲಿ ಮಾತ್ರ ಉಳಿದಿದೆಯೆಂದು ತಿಳಿಯಬೇಕು. ಆ ಸಂಪರ್ಕವನ್ನು ‘ಎಲ್ಲ ಬಳಕೆದಾರರಿಗೂ’ ಎಂದು ಬದಲಿಸಬೇಕು. ಹಲವರು ಸರದಿಯಲ್ಲಿ ಬಳಸುವ ಅರಿವು ಕೇಂದ್ರದ ಯಂತ್ರಗಳಿಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ.

ಒಂದೇ ಯಂತ್ರದಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡೂ ಇದ್ದು, ವಿಂಡೋಸ್ ಬಳಸಿ ಮುಚ್ಚಿದ ಮರುದಿನ ಲಿನಕ್ಸ್‌ನಲ್ಲಿ ತಂತಿಯೇ ಕಾಣದಿದ್ದರೆ, ವಿಂಡೋಸ್‌ನ ‘ಫಾಸ್ಟ್ ಸ್ಟಾರ್ಟಪ್’ ಸೌಲಭ್ಯ ಕಾರ್ಡನ್ನು ಅರೆನಿದ್ರೆಯಲ್ಲಿ ಬಿಟ್ಟಿರಬಹುದು. ಯಂತ್ರವನ್ನು ಆರಿಸಿ, ಪ್ಲಗ್ ತೆಗೆದು, ಅರ್ಧ ನಿಮಿಷ ಬಿಟ್ಟು ಹಚ್ಚುವುದು. ಮತ್ತೆ ಮರುಕಳಿಸಿದರೆ ಆ ಸೌಲಭ್ಯವನ್ನು ಆಫ್ ಮಾಡುವುದು.

ಒಂದು ಡಿಸ್ಕಿನ ಪ್ರತಿ ತೆಗೆದು ಹಲವು ಯಂತ್ರಗಳಿಗೆ ಹಾಕಿದ್ದರೆ ಅವೆಲ್ಲವೂ ಒಂದೇ ಯಂತ್ರ-ಗುರುತನ್ನು ಹೊತ್ತಿರುತ್ತವೆ. ಕೆಲವು ಲಿನಕ್ಸ್ ಆವೃತ್ತಿಗಳು ವಿಳಾಸ ಕೇಳುವಾಗ ಆ ಗುರುತನ್ನೇ ಹೇಳುವುದರಿಂದ ರೌಟರ್ ಎರಡು ಯಂತ್ರಗಳಿಗೂ ಒಂದೇ ವಿಳಾಸ ಕೊಡುತ್ತದೆ. ಒಂದು ಹಚ್ಚಿದಾಗ ಇನ್ನೊಂದು ಕೆಡುತ್ತಿದ್ದರೆ ಇದನ್ನು ಸಂಶಯಿಸಿ, ಪ್ರತಿ ಯಂತ್ರಕ್ಕೂ ಹೊಸ ಗುರುತು ರಚಿಸುವಂತೆ ತಂತ್ರಜ್ಞರಿಗೆ ತಿಳಿಸಬೇಕು.

5. ಮತ್ತೆ ಬಾರದಂತೆ ಮಾಡುವ ಕ್ರಮಗಳು

ಮೊದಲನೆಯದು, ಹಚ್ಚುವ ಸರದಿ. ಬೆಳಿಗ್ಗೆ ಮೊದಲು ಓಎನ್‌ಟಿ, ನಂತರ ರೌಟರ್, ಆಮೇಲೆ ಸ್ವಿಚ್, ಅವುಗಳ ದೀಪಗಳು ಸ್ಥಿರವಾದ ಮೇಲೆ ಗಣಕಯಂತ್ರಗಳು. ಇದಕ್ಕೆ ಖರ್ಚಿಲ್ಲ. ಈ ಸರದಿಯನ್ನು ಒಂದು ಹಾಳೆಯಲ್ಲಿ ಬರೆದು ಸ್ವಿಚ್ ಬೋರ್ಡಿನ ಪಕ್ಕ ಅಂಟಿಸಿದರೆ ಕಚೇರಿ ತೆರೆಯುವ ಯಾರು ಬೇಕಾದರೂ ಅನುಸರಿಸಬಹುದು.

ಎರಡನೆಯದು, ಯುಪಿಎಸ್. ಗಣಕಯಂತ್ರಕ್ಕೆ ಮಾತ್ರ ಯುಪಿಎಸ್ ಕೊಟ್ಟು ರೌಟರ್ ಮತ್ತು ಓಎನ್‌ಟಿಯನ್ನು ನೇರ ವಿದ್ಯುತ್ತಿಗೆ ಬಿಟ್ಟಿದ್ದರೆ ಪ್ರತಿ ವಿದ್ಯುತ್ ಕಡಿತದಲ್ಲಿಯೂ ಜಾಲ ತಪ್ಪುತ್ತದೆ. ಈ ಪೆಟ್ಟಿಗೆಗಳು ಬಳಸುವ ವಿದ್ಯುತ್ ಬಹಳ ಕಡಿಮೆ. ಇವನ್ನೂ ಅದೇ ಯುಪಿಎಸ್‌ಗೆ ಸೇರಿಸಬೇಕು.

ಮೂರನೆಯದು, ಯಂತ್ರದ ತಾಳ್ಮೆ ಹೆಚ್ಚಿಸುವುದು. ನೆಟ್‌ವರ್ಕ್ ಮ್ಯಾನೇಜರ್‌ನಲ್ಲಿ ಆ ಸಂಪರ್ಕದ ‘ಐಪಿವಿ4.ಡಿಎಚ್‌ಸಿಪಿ-ಟೈಮ್‌ಔಟ್’ ಎಂಬ ಅಂಶವನ್ನು 45ರಿಂದ 180 ಸೆಕೆಂಡಿಗೆ ಏರಿಸಬಹುದು. ‘ಕನೆಕ್ಷನ್.ಆಟೋಕನೆಕ್ಟ್-ರಿಟ್ರೈಸ್’ ಎಂಬುದನ್ನು 0 ಎಂದು ಇಟ್ಟರೆ ಯಂತ್ರ ಪ್ರಯತ್ನವನ್ನು ಎಂದಿಗೂ ಕೈಬಿಡುವುದಿಲ್ಲ. ಎರಡನ್ನೂ ‘ಎನ್‌ಎಂಸಿಎಲ್‌ಐ ಕನೆಕ್ಷನ್ ಮಾಡಿಫೈ’ ಎಂಬ ಆಜ್ಞೆಯ ಮುಂದೆ ಸಂಪರ್ಕದ ಹೆಸರು ಬರೆದು ಬದಲಿಸಬೇಕು. ಒಮ್ಮೆ ಮಾಡಿದರೆ ಸಾಕು.

ನಾಲ್ಕನೆಯದು, ವಿಳಾಸಗಳ ಲೆಕ್ಕ. ರೌಟರ್ ಹಂಚಬಹುದಾದ ವಿಳಾಸಗಳಿಗೆ ಮಿತಿಯಿದೆ, ಪ್ರತಿಯೊಂದನ್ನೂ ನಿಗದಿತ ಅವಧಿಯ ಗುತ್ತಿಗೆಯ ಮೇಲೆ ಕೊಡುತ್ತದೆ. ಯಂತ್ರ ಅರ್ಧ ಅವಧಿ ಕಳೆದಾಗ ನವೀಕರಣ ಕೋರುತ್ತದೆ. ಗ್ರಾಮಸಭೆಯ ದಿನ ಕಚೇರಿಯ ವೈಫೈಗೆ ಬಂದವರ ಮೊಬೈಲುಗಳೆಲ್ಲ ಸೇರಿದರೆ, ಅವರು ಮನೆಗೆ ಹೋದ ಮೇಲೂ ಗುತ್ತಿಗೆ ಮುಗಿಯುವವರೆಗೆ ಆ ವಿಳಾಸಗಳು ಹಿಂತಿರುಗುವುದಿಲ್ಲ. ಮರುದಿನ ಕಚೇರಿಯ ಯಂತ್ರಕ್ಕೇ ವಿಳಾಸ ಉಳಿಯದಿರಬಹುದು. ಸಾರ್ವಜನಿಕರಿಗೆ ಅತಿಥಿ ವೈಫೈ ಪ್ರತ್ಯೇಕವಾಗಿ ಇಡುವುದು ಸೂಕ್ತ.

ಅವಸರದಲ್ಲಿ ಯಂತ್ರಕ್ಕೆ ಕೈಯಿಂದ ಒಂದು ಸಂಖ್ಯೆ ತುಂಬುವುದು ಪರಿಹಾರವಲ್ಲ. ಅದೇ ಸಂಖ್ಯೆಯನ್ನು ರೌಟರ್ ನಾಳೆ ಇನ್ನೊಂದು ಯಂತ್ರಕ್ಕೆ ಕೊಟ್ಟರೆ ಎರಡೂ ಕೆಡುತ್ತವೆ. ಪ್ರಿಂಟರ್‌ನಂತಹ ಸಾಧನಕ್ಕೆ ಸ್ಥಿರ ವಿಳಾಸ ಬೇಕಾದರೆ ರೌಟರ್‌ನಲ್ಲಿಯೇ ಅದನ್ನು ಕಾಯ್ದಿರಿಸಬೇಕು.

6. ದೂರು ದಾಖಲಿಸುವಾಗ

ಮೇಲಿನ ಹಂತಗಳ ನಂತರವೂ ದೋಷ ಉಳಿದರೆ ‘ನೆಟ್‌ವರ್ಕ್ ಇಲ್ಲ’ ಎಂದಷ್ಟೇ ಬರೆಯದೆ ಐದು ಅಂಶಗಳನ್ನು ತಿಳಿಸಬೇಕು: ದೋಷ ಒಂದು ಯಂತ್ರದ್ದೇ ಅಥವಾ ಎಲ್ಲದರದ್ದೇ, ಕೇಬಲ್ ದೀಪ ಉರಿಯುತ್ತಿದೆಯೇ, ‘ಐಪಿ ಅಡ್ರೆಸ್’ನಲ್ಲಿ ಕಂಡ ಸ್ಥಿತಿ (ಅ)ಯಿಂದ (ಈ)ವರೆಗಿನ ಯಾವುದು, ಓಎನ್‌ಟಿಯ ಕೆಂಪು ದೀಪದ ಸ್ಥಿತಿ, ವಿದ್ಯುತ್ ಹೋಗಿ ಬಂದ ಸಮಯ. ಎಲ್ಲವೂ ಸರಿಯಿರುವ ಒಂದು ದಿನ ‘ಐಪಿ ರೂಟ್’ ಎಂಬ ಆಜ್ಞೆ ಕೊಟ್ಟು, ‘ಡೀಫಾಲ್ಟ್ ವಯಾ’ ಎಂಬುದರ ಮುಂದಿನ ಸಂಖ್ಯೆಯನ್ನು ಕಚೇರಿಯ ವಹಿಯಲ್ಲಿ ಬರೆದಿಡಬೇಕು. ಅದು ರೌಟರ್‌ನ ವಿಳಾಸ. ದೋಷದ ದಿನ ಹೋಲಿಸಿ ನೋಡಲು ಬೇಕಾಗುತ್ತದೆ.

ಈ ಪರಿಶೀಲನೆಗೆ ಎಂಜಿನಿಯರಿಂಗ್ ಓದಿರಬೇಕಾಗಿಲ್ಲ. ಕ್ಲರ್ಕ್ ಕಂ ಡಾಟಾ ಎಂಟ್ರಿ ಆಪರೇಟರ್, ಗ್ರಂಥಾಲಯ ಮೇಲ್ವಿಚಾರಕರು, ಕರವಸೂಲಿಗಾರರು ಎಲ್ಲರೂ ಒಮ್ಮೆ ಮಾಡಿ ನೋಡಿದರೆ ರೂಢಿಯಾಗುತ್ತದೆ. ಡಾಟಾ ಎಂಟ್ರಿ ಆಪರೇಟರ್ ರಜೆಯಲ್ಲಿರುವ ದಿನವೇ ವಿದ್ಯುತ್ ಹೋಗುವುದುಂಟು. ಆದ್ದರಿಂದ ಪ್ರತಿ ಕಚೇರಿಯಲ್ಲಿ ಕನಿಷ್ಠ ಇಬ್ಬರಿಗಾದರೂ ಈ ಕ್ರಮ ತಿಳಿದಿರುವಂತೆ ನೋಡಿಕೊಳ್ಳುವುದು ಒಳಿತು. ಅರ್ಜಿದಾರರಿಗೆ ‘ನಾಳೆ ಬನ್ನಿ’ ಎನ್ನುವ ಮೊದಲು ಹಂತ ಒಂದರಿಂದ ನಾಲ್ಕರವರೆಗೆ ನಡೆಸಿರಬೇಕು. ಅದಕ್ಕೆ ಬೇಕಾಗುವುದು ಹತ್ತು ಹದಿನೈದು ನಿಮಿಷ. ಅಷ್ಟು ಹೊತ್ತು ಅವರು ಬೆಂಚಿನ ಮೇಲೆ ಕುಳಿತು ಕಾಯಲು ಸಿದ್ಧರಿರುತ್ತಾರೆ.